ಮಹಾಪ್ರಬಂಧಗಳ ಶೋಧವೂ ಆಧಾರನಿರ್ದೇಶವೂ

ಮನುಷ್ಯನು ಮೂರು ಋಣಗಳನ್ನು ಹೊತ್ತುಕೊಂಡೇ ಹುಟ್ಟುತ್ತಾನೆಂದು ಶಾಸ್ತ್ರಕಾರರು ಹೇಳಿರುವರು. ದೇವಋಣವು ಯಜ್ಞದಿಂದಲೂ, ಪಿತೃಋಣವು ಸಂತಾನದಿಂದಲೂ, ಋಷಿಋಣವು ಅಧ್ಯಯನದಿಂದಲೂ ತೀರತಕ್ಕವು. ಮೊದಲಿನ ಎರಡನ್ನು ತೀರಿಸುವ ಬಗೆಯು ಗೃಹಸ್ಥರಿಗೆಲ್ಲ ಗೊತ್ತಿದೆ. ಮೂರನೆಯದರ ಮಾತು ಬಂದಾಗ ಮಾತ್ರ ಓದಿದರೆ ಸಾಕೆಂದು ಹಲವರು ತಿಳಿಯುತ್ತಾರೆ. ಆದರೆ ಓದುವದರಿಂದ ಅರ್ಧ ಋಣವಷ್ಟೇ ತೀರುವದು. ಯಾರಿಂದ ಓದಿದೆನು, ಯಾವ ಗ್ರಂಥದ ಯಾವ ಸ್ಥಳದಿಂದ ತಿಳಿದೆನು ಎಂಬುದನ್ನು ಹೇಳಿದಾಗಲೇ ಮಿಕ್ಕ ಅರ್ಧವು ತೀರುವದು. ಹಾಗೆ ಹೇಳದವನು ಪಂಡಿತನಾಗಿದ್ದರೂ ಸಾಲಗಾರನೇ ಸರಿ.

ಆಧಾರವನ್ನು ನಿರ್ದೇಶಿಸುವ ಪದ್ಧತಿಯು ಪಾಶ್ಚಾತ್ಯರಿಂದ ಬಂದ ಹೊಸ ನಡಾವಳಿಯೆಂದು ಕೆಲವರು ಭಾವಿಸುವದುಂಟು. ಇದು ಸರಿಯಲ್ಲ. ಕಾಲಿದಾಸನ ಕಾವ್ಯಗಳಿಗೆ ವ್ಯಾಖ್ಯಾನವನ್ನು ಬರೆದ ಮಲ್ಲಿನಾಥನು, ಮೂಲವಿಲ್ಲದ ಒಂದು ಮಾತನ್ನೂ ಬೇಡವಾದ ಒಂದು ಮಾತನ್ನೂ ಬರೆಯುವದಿಲ್ಲವೆಂದು ಆರಂಭದಲ್ಲಿಯೇ ಪ್ರತಿಜ್ಞೆ ಮಾಡಿದ್ದಾನೆ. ಕೋಶದ ಅರ್ಥವನ್ನು ಹೇಳುವಲ್ಲಿ ಕೋಶದ ಹೆಸರನ್ನೂ, ವ್ಯಾಕರಣದ ನಿಯಮವನ್ನು ಹೇಳುವಲ್ಲಿ ಸೂತ್ರವನ್ನೂ ಆತನು ಕೊಟ್ಟೇ ಮುಂದೆ ಹೋಗುತ್ತಾನೆ. ಕನ್ನಡದಲ್ಲಿಯೂ ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಮೊದಲಲ್ಲಿಯೇ ತನಗೆ ಪ್ರಮಾಣರಾದ ಕವಿಗಳನ್ನು ಹೆಸರಿಸಿದ್ದಾನೆ. ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ ಮೊದಲಾದವರು ಆ ಪಟ್ಟಿಯಲ್ಲಿ ಬರುತ್ತಾರೆ. ಇವರಲ್ಲಿ ಗಜಗ, ಮನಸಿಜ, ಚಂದ್ರಭಟ್ಟರ ಕನ್ನಡ ಗ್ರಂಥಗಳು ಇಂದು ದೊರೆಯುವದಿಲ್ಲ. ಹೀಗಿದ್ದರೂ ಇಂಥವರು ಇದ್ದರೆಂಬುದು ತಿಳಿದಿದೆ. ವೈಯಾಕರಣನೊಬ್ಬನು ಋಣವನ್ನು ಒಪ್ಪಿಕೊಂಡ ಮಾತ್ರದಿಂದ ಕವಿಗಳ ಹೆಸರು ಏಳುನೂರು ವರ್ಷಗಳ ವರೆಗೆ ಉಳಿಯಿತು.

ಇದೇ ಪರಂಪರೆಯಲ್ಲಿ ಒಂದು ಕೊರತೆಯೂ ಇದೆ. ಕೇಶಿರಾಜನು ಕವಿಗಳನ್ನು ಹೆಸರಿಸಿದನಾದರೂ ಒಳಗೆ ಉದಾಹರಣೆಗಳನ್ನು ಕೊಡುವಾಗ ಇದು ಇಂಥವನ ಇಂಥ ಗ್ರಂಥದ ಇಂಥ ಆಶ್ವಾಸದ ಪದ್ಯವೆಂದು ಹೇಳಲಿಲ್ಲ. ಆತನ ತಂದೆಯಾದ ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವದಲ್ಲಿ ಪೂರ್ವಕವಿಗಳ ಪದ್ಯಗಳನ್ನು ವರ್ಣನೆಗೆ ತಕ್ಕಂತೆ ಜೋಡಿಸಿದನೇ ಹೊರತು ಕರ್ತೃಗಳ ಹೆಸರುಗಳನ್ನು ಪದ್ಯಗಳ ಜೊತೆಗೆ ಇಡಲಿಲ್ಲ. ಇದರ ಫಲವಾಗಿ, ಈ ಪದ್ಯವು ಯಾರದು ಎಂಬ ಒಂದೊಂದು ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ವಿದ್ವಾಂಸರು ವರ್ಷಗಟ್ಟಲೆ ಶ್ರಮಪಡಬೇಕಾಯಿತು. ಆರ್. ನರಸಿಂಹಾಚಾರ್ಯರು 1907ರಲ್ಲಿ ಕರ್ಣಾಟಕ ಕವಿಚರಿತೆಯ ಮೊದಲನೆಯ ಸಂಪುಟವನ್ನು ಹೊರಡಿಸುವಾಗ ಎದುರಿಸಿದ ತೊಡಕುಗಳಲ್ಲಿ ಇದೂ ಒಂದು. ಹೆಸರನ್ನು ಹೇಳಿದರೆ ವ್ಯಕ್ತಿಯು ಉಳಿಯುತ್ತಾನೆ; ಸ್ಥಳವನ್ನೂ ಹೇಳಿದರೆ ಗ್ರಂಥವು ಉಳಿಯುತ್ತದೆ. ಆಧುನಿಕ ಮಹಾಪ್ರಬಂಧಗಳ ವಿಚಾರದಲ್ಲಿ ಈ ಎರಡನೆಯ ಮಾತನ್ನೇ ಮುಖ್ಯವಾಗಿ ನೆನಪಿನಲ್ಲಿಡಬೇಕು.

ಪದವಿಗಾಗಿ ಪ್ರಬಂಧವನ್ನು ಬರೆದು ಒಪ್ಪಿಸುವ ಪದ್ಧತಿಯು ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಬಲಿಯಿತು. ಅಲ್ಲಿ ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಒಪ್ಪಿಸಬೇಕಾಗಿತ್ತು. ಪುಸ್ತಕಾಲಯಗಳು ಅವುಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದವು. 1885ರಿಂದ ಅವುಗಳ ವಾರ್ಷಿಕ ಪಟ್ಟಿಯೂ ಹೊರಡತೊಡಗಿತು. ಮೈಸೂರು ಸೀಮೆಯ ಎ. ವೆಂಕಟಸುಬ್ಬಯ್ಯನವರು ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯಕ್ಕೆ ಅರವತ್ತುನಾಲ್ಕು ಕಲೆಗಳನ್ನು ಕುರಿತು ಪ್ರಬಂಧವನ್ನು ಒಪ್ಪಿಸಿ, ಅದನ್ನು 1911ರಲ್ಲಿ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಅಚ್ಚಾದುದರಿಂದಲೇ ಅದು ಇಂದಿಗೂ ಕೈಗೆ ಸಿಕ್ಕುತ್ತದೆ. ಇಂಗ್ಲೆಂಡಿನಲ್ಲಿಯೂ ಆ ಮಾದರಿಯನ್ನು ಅನುಸರಿಸಿದ ಹಿಂದುಸ್ಥಾನದಲ್ಲಿಯೂ ಅಚ್ಚು ಹಾಕಿಸುವ ನಿರ್ಬಂಧವು ಅಷ್ಟು ಬಿಗಿಯಾಗಿರಲಿಲ್ಲ. ಬೆರಳಚ್ಚಿನ ಮೂರು ನಾಲ್ಕು ಪ್ರತಿಗಳನ್ನು ಒಪ್ಪಿಸಿದರೆ ಸಾಕಾಗುತ್ತಿತ್ತು. ಆದುದರಿಂದ ಎಷ್ಟೋ ಪ್ರಬಂಧಗಳು ಪದವಿಯನ್ನು ದೊರಕಿಸಿಕೊಟ್ಟು ತಾವು ಕಪಾಟಿನಲ್ಲಿಯೇ ಕುಳಿತವು.

ಕನ್ನಡನಾಡಿನ ಭಾಗ್ಯದಿಂದ ಕೆಲವು ಹಿರಿಯ ಪ್ರಬಂಧಗಳು ಈ ಸೆರೆಯಿಂದ ಪಾರಾಗಿ ಬಂದಿವೆ. ಬಿ. ಎ. ಸಾಲೆತ್ತೂರರು ಲಂಡನ್ ವಿಶ್ವವಿದ್ಯಾಲಯಕ್ಕಾಗಿ ನಡೆಯಿಸಿದ ವಿಜಯನಗರದ ಸಾಮಾಜಿಕ ಮತ್ತು ರಾಜಕೀಯ ಜೀವನದ ಅಭ್ಯಾಸವು 1934ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಎ. ಎನ್. ನರಸಿಂಹಯ್ಯನವರು ಅದೇ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಅತಿ ಪ್ರಾಚೀನ ಕನ್ನಡ ಶಾಸನಗಳ ವ್ಯಾಕರಣವನ್ನು ಮೈಸೂರು ವಿಶ್ವವಿದ್ಯಾಲಯವು 1941ರಲ್ಲಿ ಪ್ರಕಟಿಸಿತು. ಅವರು ಬಿಟ್ಟಲ್ಲಿಂದ ಮುಂದಕ್ಕೆ ಹೋಗಿ, ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಶಾಸನಗಳನ್ನೇ ಆಧಾರವಾಗಿಟ್ಟುಕೊಂಡು ಜಿ. ಎಸ್. ಗಾಯಿಯವರು ಹಳಗನ್ನಡದ ಐತಿಹಾಸಿಕ ವ್ಯಾಕರಣವನ್ನು ಬರೆದರು. ಅದು 1946ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರಬಂಧಮಾಲೆಯ ಮೊದಲನೆಯ ಗ್ರಂಥವಾಗಿ ಹೊರಬಿದ್ದಿತು. ಒಂದು ಪ್ರಬಂಧವು ಇನ್ನೊಂದಕ್ಕೆ ಮೆಟ್ಟಿಲಾಗುವ ಬಗೆಗೆ ಈ ಎರಡು ವ್ಯಾಕರಣಗಳಿಗಿಂತ ಒಳ್ಳೆಯ ದೃಷ್ಟಾಂತವು ಬೇಕಿಲ್ಲ. ಮೊದಲನೆಯದು ಕಪಾಟಿನಲ್ಲಿಯೇ ಉಳಿದಿದ್ದರೆ ಎರಡನೆಯದರ ಕರ್ತೃವು ಅದೇ ನೆಲವನ್ನು ಮತ್ತೆ ಅಗೆಯಬೇಕಾಗುತ್ತಿತ್ತು. ಮುಂದೆ ಎಂ. ಚಿದಾನಂದಮೂರ್ತಿಯವರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನವು 1966ರಲ್ಲಿ ಬಂದಿತು. ಕನ್ನಡದಲ್ಲಿಯೇ ಬರೆದ ಮಹಾಪ್ರಬಂಧವು ಎಷ್ಟು ಆಳವಾಗಿರಬಲ್ಲದೆಂಬುದಕ್ಕೆ ಅದು ಪ್ರಮಾಣವಾಯಿತು.

ಬೆಳಗಾವಿ ಸೀಮೆಯವರು ಈ ಸಂದರ್ಭದಲ್ಲಿ ಅಭಿಮಾನದಿಂದ ನೆನೆಯಬೇಕಾದ ಹೆಸರೊಂದಿದೆ. ಚಿಕ್ಕೋಡಿ ಭಾಗದ ಸದಲಗಾ ಗ್ರಾಮದಲ್ಲಿ 1906ನೆಯ ಇಸವಿಯ ಫೆಬ್ರುವರಿ 6ರಂದು ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆಯವರೇ ಅವರು. ಸಂಸ್ಕೃತ ಪ್ರಾಕೃತಗಳಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪದವಿಯನ್ನು ಪಡೆದು, 1930ರಿಂದ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನೂ, 1937ರಲ್ಲಿ ಯೋಗೀಂದುವಿನ ಪರಮಾತ್ಮಪ್ರಕಾಶವನ್ನೂ ಸಂಪಾದಿಸಿ ಪ್ರಕಟಿಸಿದರು. 1939ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಅವರಿಗೆ ಡಿ.ಲಿಟ್. ಪದವಿಯನ್ನಿತ್ತಿತು. 1966ರಲ್ಲಿ ಅಖಿಲ ಭಾರತ ಪ್ರಾಚ್ಯವಿದ್ಯಾ ಪರಿಷತ್ತಿನ ಅಧ್ಯಕ್ಷರಾದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿ, 1975ರಲ್ಲಿ ದಿವಂಗತರಾದರು.

ಉಪಾಧ್ಯೆಯವರ ಪಾಂಡಿತ್ಯವನ್ನು ಎಲ್ಲರೂ ಹೊಗಳುತ್ತಾರೆ. ಆ ಪಾಂಡಿತ್ಯದ ಕ್ರಮವನ್ನು ನೋಡುವವರು ಕಡಿಮೆ. ಪ್ರವಚನಸಾರದ ವಿಸ್ತಾರವಾದ ಪೀಠಿಕೆಯಲ್ಲಿ ಕುಂದಕುಂದರ ಕಾಲನಿರ್ಣಯವು ಬರುತ್ತದೆ. ಅಲ್ಲಿ ಅವರು ತಮ್ಮ ಮತವನ್ನು ಮೊದಲೇ ಮುಂದಿಡುವದಿಲ್ಲ. ನಾಥೂರಾಮ ಪ್ರೇಮಿಯವರು ಏನೆಂದರು, ಕೆ. ಬಿ. ಪಾಠಕರು ಏನೆಂದರು, ಚಕ್ರವರ್ತಿಯವರು ಏನೆಂದರು, ಜುಗಲಕಿಶೋರ ಮುಖ್ತಾರರು ಏನೆಂದರು ಎಂಬುದನ್ನು ಒಬ್ಬೊಬ್ಬರ ಹೆಸರಿನಿಂದ ತೆಗೆದುಕೊಂಡು, ಅವರವರ ಆಧಾರಗಳನ್ನು ತೂಗಿ, ಆಮೇಲೆ ತಮ್ಮ ನಿರ್ಣಯಕ್ಕೆ ಬರುತ್ತಾರೆ. ಪರಮಾತ್ಮಪ್ರಕಾಶದ ಸಂಪಾದನೆಯಲ್ಲಿ ಕನ್ನಡ ಲಿಪಿಯ ಹಸ್ತಪ್ರತಿಗಳನ್ನೂ ಕನ್ನಡ ಟೀಕೆಯನ್ನೂ ಬಳಸಿದಾಗ, ಪ್ರತಿಯೊಂದರ ವಿವರವನ್ನು ಪೀಠಿಕೆಯಲ್ಲಿ ಕೊಟ್ಟಿದ್ದಾರೆ. ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಹೇಳಿದವನಿಗೇ ಸಿದ್ಧಾಂತವನ್ನು ಹೇಳುವ ಅಧಿಕಾರವೆಂಬ ಮೀಮಾಂಸಕರ ನಿಲುವು ಇಲ್ಲಿ ಹೊಸ ವೇಷದಲ್ಲಿ ಕಾಣುತ್ತದೆ. ಅವರ ನಿರ್ಣಯವನ್ನು ಒಪ್ಪದವನೂ ಅವರ ಗ್ರಂಥವನ್ನು ಹಿಡಿದುಕೊಂಡೇ ಹಿಂದಿನ ನಾಲ್ವರ ಬಳಿಗೆ ಹೋಗಬಲ್ಲನು. ಆಧಾರನಿರ್ದೇಶದ ನಿಜವಾದ ಪ್ರಯೋಜನವು ಇದೇ: ಅದು ವಿರೋಧಿಗೂ ದಾರಿಯನ್ನು ತೆರೆದಿಡುತ್ತದೆ.

ಇಂಥ ಪ್ರಬಂಧಗಳನ್ನು ಹುಡುಕುವ ಬಗೆಯನ್ನು ಇನ್ನು ವಿಚಾರಿಸಬಹುದು. ಅಥಣಿ ತಾಲೂಕಿನ ತೆಲಸಂಗದ ಒಬ್ಬ ತರುಣನು ತನ್ನೂರಿನ ಪ್ರಾಚೀನತೆ, ಗುಡಿಗಳು, ಬೇಸಾಯ, ಜಾತ್ರೆ, ಭಾಷೆ ಇವುಗಳಲ್ಲಿ ಯಾವುದಾದರೊಂದನ್ನು ಕುರಿತು ಅಭ್ಯಾಸಮಾಡಬೇಕೆಂದು ಹೊರಟನೆಂದು ಇಟ್ಟುಕೊಳ್ಳಿರಿ. ತನಗಿಂತ ಮೊದಲು ಯಾರಾದರೂ ಈ ವಿಷಯವನ್ನು ಮುಟ್ಟಿರುವರೋ ಎಂಬುದು ಅವನ ಮೊದಲನೆಯ ಪ್ರಶ್ನೆಯಾಗಬೇಕು. ಈ ಪ್ರಶ್ನೆಗೆ ಉತ್ತರವನ್ನು ಒಂದೇ ಊರಿನಲ್ಲಿ ಹುಡುಕುವಂತಿಲ್ಲ. ಇದಕ್ಕೆ ಈ ಸೀಮೆಯ ರಾಜಕೀಯ ಇತಿಹಾಸವೇ ಕಾರಣ.

ಅಥಣಿ, ಚಿಕ್ಕೋಡಿಗಳು 1956ರ ವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯವೇ ಧಾರವಾಡದ ಕರ್ನಾಟಕ ಕಾಲೇಜಿಗೂ, ಬೆಳಗಾವಿಯ ಲಿಂಗರಾಜ ಕಾಲೇಜಿಗೂ, ಸಾಂಗಲಿಯ ವಿಲಿಂಗ್ಡನ್ ಕಾಲೇಜಿಗೂ ಪದವಿಗಳನ್ನು ಕೊಡುತ್ತಿತ್ತು. ಆದುದರಿಂದ ಆ ಕಾಲದ ಪ್ರಬಂಧಗಳನ್ನು ಮುಂಬಯಿಯಲ್ಲಿ ಹುಡುಕಬೇಕು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂದಿತು. ಅಲ್ಲಿಂದ ಮುಂದೆ ಹೆಚ್ಚಿನವು ಧಾರವಾಡದಲ್ಲಿ. ಕೃಷ್ಣೆಯ ಈ ದಂಡೆಯ ಎಷ್ಟೋ ವಿದ್ಯಾರ್ಥಿಗಳು ಕೊಲ್ಹಾಪುರಕ್ಕೆ ಹೋಗುವ ವಾಡಿಕೆಯಿರುವದರಿಂದ, 1962ರಲ್ಲಿ ಆರಂಭವಾದ ಶಿವಾಜಿ ವಿಶ್ವವಿದ್ಯಾಲಯವನ್ನು ಮರೆಯುವಂತಿಲ್ಲ. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ 2010ರಲ್ಲಿ ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವೂ ಸೇರಿಕೊಂಡವು. ಪುಣೆಯ ಡೆಕ್ಕನ್ ಕಾಲೇಜು ಭಾಷೆಗೂ ಪ್ರಾಕ್ತನಶಾಸ್ತ್ರಕ್ಕೂ ಬೇರೆಯೇ ನಿಧಿ. ಒಂದು ಹಳ್ಳಿಯ ಸಮಾಚಾರವು ಹೀಗೆ ಎರಡು ರಾಜ್ಯಗಳ ಆರೇಳು ಭಂಡಾರಗಳಲ್ಲಿ ಹಂಚಿಹೋಗಿರಬಹುದು.

ಈ ಚದುರಿಕೆಯನ್ನು ಮನಗಂಡು ಪಟ್ಟಿಗಳನ್ನು ಮಾಡುವ ಪ್ರಯತ್ನಗಳು ಹಿಂದೆಯೇ ನಡೆದಿವೆ. 1925ರಲ್ಲಿ ಹುಟ್ಟಿದ ಅಂತರ ವಿಶ್ವವಿದ್ಯಾಲಯ ಮಂಡಳಿಯು ಹಿಂದುಸ್ಥಾನದ ವಿಶ್ವವಿದ್ಯಾಲಯಗಳು ಅಂಗೀಕರಿಸಿದ ಡಾಕ್ಟರೇಟ್ ಪ್ರಬಂಧಗಳ ಸೂಚಿಗಳನ್ನು ಹೊರಡಿಸಿತು. 1973ರಲ್ಲಿ ಅದು ಭಾರತೀಯ ವಿಶ್ವವಿದ್ಯಾಲಯಗಳ ಸಂಘವೆಂದು ಹೆಸರು ಪಡೆಯಿತು; ಅದರ ಪತ್ರಿಕೆಯಲ್ಲಿ ಹೊಸ ಪ್ರಬಂಧಗಳ ಪಟ್ಟಿಯು ಬರುತ್ತದೆ. ಅಮೇರಿಕೆಯಲ್ಲಿ ಯೂಜೀನ್ ಪವರ್ ಎಂಬವನು 1938ರಲ್ಲಿ ಪ್ರಬಂಧಗಳನ್ನು ಸೂಕ್ಷ್ಮ ಛಾಯಾಚಿತ್ರಗಳಾಗಿ ಇಳಿಸಿ ಬೇಡಿದವರಿಗೆ ಒದಗಿಸುವ ವ್ಯವಸ್ಥೆಯನ್ನು ಆರಂಭಿಸಿದನು. ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ನಿಯಮವನ್ನು ಮಾಡಿ, ಪ್ರತಿಯೊಂದು ಪಿಎಚ್.ಡಿ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ವಿಧಿಸಿತು. ಅವುಗಳ ಭಂಡಾರಕ್ಕೆ ಶೋಧಗಂಗಾ ಎಂದು ಹೆಸರು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಅದನ್ನು ನಡೆಯಿಸುತ್ತದೆ. ಐದು ಲಕ್ಷಕ್ಕೆ ಮೀರಿದ ಪ್ರಬಂಧಗಳು ಅಲ್ಲಿ ಸಂಗ್ರಹವಾಗಿವೆ. ಹಿಂದೆ ಧಾರವಾಡಕ್ಕೋ ಮುಂಬಯಿಗೋ ಹೋಗಿ, ಪರವಾನಿಗೆಯನ್ನು ಪಡೆದು, ಕುಳಿತು ನಕಲು ಮಾಡಿಕೊಳ್ಳಬೇಕಾಗಿದ್ದ ಗ್ರಂಥವು ಈಗ ತೆಲಸಂಗದ ಮನೆಯ ಪಡಸಾಲೆಯಲ್ಲಿ, ಕಾಸು ಕೊಡದೆ, ಅಂಗೈಯ ಯಂತ್ರದಲ್ಲಿ ತೆರೆದುಕೊಳ್ಳುತ್ತದೆ. ಇದು ಸಾಮಾನ್ಯ ಲಾಭವಲ್ಲ.

ಆದರೆ ಗಂಗೆಯಲ್ಲಿ ಮುಳುಗಿದವನಿಗೆಲ್ಲ ಮುತ್ತು ಸಿಕ್ಕುವದಿಲ್ಲ. ಹೆಸರುಗಳ ಬರೆವಣಿಗೆಯೇ ಮೊದಲನೆಯ ತೊಡಕು. ತೆಲಸಂಗವೆಂಬ ಒಂದೇ ಹೆಸರನ್ನು ರೋಮನ್ ಲಿಪಿಯಲ್ಲಿ ತೆಲ್ಸಂಗ್, ತೆಲಸಂಗ್, ತೆಲಸಂಗಾ ಎಂದು ಮೂರು ಬಗೆಯಾಗಿ ಬರೆಯಬಹುದು. ಅಥಣಿಯು ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಅಥ್ನಿಯಾಗಿದೆ. 2014ರ ನವೆಂಬರ 1ರಿಂದ ಇಂಗ್ಲಿಷ್ ಬರೆವಣಿಗೆಯಲ್ಲಿಯೂ ಬೆಳಗಾಮ್ ಹೋಗಿ ಬೆಳಗಾವಿಯೂ, ಬಿಜಾಪುರ ಹೋಗಿ ವಿಜಯಪುರವೂ ಬಂದವು. ಅದಕ್ಕೂ ಹಿಂದಿನ ಪ್ರಬಂಧಗಳು ಹಳೆಯ ಹೆಸರಿನಿಂದಲೇ ದೊರೆಯುವವು. ತಾಲೂಕುಗಳೂ ಒಡೆದಿವೆ. ಕಾಗವಾಡವು ಅಥಣಿಯಿಂದಲೂ ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಬೇರೆಯಾದುದರಿಂದ, ಕಾಗವಾಡದ ಹಳೆಯ ವೃತ್ತಾಂತವನ್ನು ಬಯಸುವವನು ಅಥಣಿಯ ಹೆಸರಿನಲ್ಲಿಯೂ ಹುಡುಕಬೇಕು. ಕನ್ನಡ ಪ್ರಬಂಧಗಳ ಶೀರ್ಷಿಕೆಗಳು ಕೆಲವೆಡೆ ಕನ್ನಡ ಲಿಪಿಯಲ್ಲಿಯೂ ಕೆಲವೆಡೆ ರೋಮನ್ ಲಿಪಿಯಲ್ಲಿಯೂ ದಾಖಲಾಗಿವೆ. ಹಳೆಯ ಬಗೆಯ ಕನ್ನಡ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಪ್ರತಿಗಳ ಒಳಮಾತುಗಳನ್ನು ಯಂತ್ರವು ಗುರುತಿಸಲಾರದು. ಆದುದರಿಂದ ಒಂದು ಹೆಸರಿನಿಂದ ಹುಡುಕಿ, ಏನೂ ಇಲ್ಲವೆಂದು ಕೈಬಿಡುವದು ಅವಿವೇಕವಾದೀತು. ಹಳ್ಳಿಯ ಹೆಸರಿನಿಂದ ಸಿಕ್ಕದಿದ್ದರೆ ತಾಲೂಕಿನಿಂದ, ತಾಲೂಕಿನಿಂದ ಸಿಕ್ಕದಿದ್ದರೆ ಜಿಲ್ಲೆಯಿಂದ, ಅದೂ ಸಾಗದಿದ್ದರೆ ರಾಜವಂಶದ ಹೆಸರಿನಿಂದ ಅಥವಾ ವಿಷಯದ ಹೆಸರಿನಿಂದ ಹುಡುಕಬೇಕು. ದೊರೆತ ಒಂದು ಪ್ರಬಂಧದ ಕೊನೆಯ ಗ್ರಂಥಸೂಚಿಯೇ ಮುಂದಿನ ಹತ್ತು ಪ್ರಬಂಧಗಳಿಗೆ ಬಾಗಿಲಾಗುವದು.

ಪ್ರಬಂಧವು ಸಿಕ್ಕಿತು, ಓದಿಯೂ ಆಯಿತು. ಇನ್ನು ಉಲ್ಲೇಖದ ಮಾತು. ಇದರಲ್ಲಿ ಆರು ಅಂಗಗಳನ್ನು ಬಿಡುವಂತಿಲ್ಲ: ಕರ್ತೃವಿನ ಹೆಸರು, ಪ್ರಬಂಧದ ಪೂರ್ಣ ಶೀರ್ಷಿಕೆ, ಯಾವ ಪದವಿಗಾಗಿ ಬರೆದುದೆಂಬುದು, ವಿಶ್ವವಿದ್ಯಾಲಯ, ವರ್ಷ, ಮತ್ತು ಪುಟ. ಅಪ್ರಕಟಿತವಾಗಿದ್ದರೆ ಆ ಮಾತನ್ನೂ, ಎಲ್ಲಿ ನೋಡಿದುದೆಂಬುದನ್ನೂ ಸೇರಿಸಬೇಕು. ಶೋಧಗಂಗೆಯಲ್ಲಿ ಒಂದೊಂದು ಅಧ್ಯಾಯವು ಬೇರೆ ಬೇರೆ ಕಡತವಾಗಿರುವದುಂಟು. ಆಗ ಕಡತದ ಪುಟವನ್ನಲ್ಲ, ಪ್ರಬಂಧದ ಮೈಮೇಲಿರುವ ಪುಟಸಂಖ್ಯೆಯನ್ನೇ ಕೊಡಬೇಕು. ಉದಾಹರಣೆಗೆ ಎಂ. ಎಂ. ಕಲಬುರ್ಗಿಯವರ ಪ್ರಬಂಧವನ್ನು ಹೀಗೆ ನಿರ್ದೇಶಿಸಬಹುದು: ಕಲಬುರ್ಗಿ ಎಂ. ಎಂ., ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ, ಪಿಎಚ್.ಡಿ. ಮಹಾಪ್ರಬಂಧ, ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ, 1968. ಇದೇ ಪ್ರಬಂಧವು 1973ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಅಚ್ಚಿನ ಗ್ರಂಥವನ್ನು ಓದಿದವನು 1973 ಎಂದು ಬರೆಯಬೇಕೇ ಹೊರತು ಹಳೆಯದೆಂಬ ಗೌರವಕ್ಕಾಗಿ 1968 ಎಂದು ಬರೆಯಬಾರದು. ಪ್ರಬಂಧವು ಗ್ರಂಥವಾಗುವಾಗ ಪುಟಗಳು ಬದಲಾಗುತ್ತವೆ. ಎಷ್ಟೋ ಸಲ ಅಭಿಪ್ರಾಯಗಳೂ ಬದಲಾಗುತ್ತವೆ.

ಈ ಎಚ್ಚರಿಕೆಯು ಎಷ್ಟು ಅವಶ್ಯವೆಂಬುದನ್ನು ಫ್ಲೀಟ್ ಸಾಹೇಬರ ಗ್ರಂಥದಿಂದ ತಿಳಿಯಬಹುದು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಅವರು 1882ರಲ್ಲಿ ಒಂದು ಚಿಕ್ಕ ಗ್ರಂಥವನ್ನು ಬರೆದರು. ಅದನ್ನೇ ಬಹಳವಾಗಿ ಬೆಳೆಯಿಸಿ, ತಿದ್ದಿ, 1896ರಲ್ಲಿ ಮುಂಬಯಿ ಗ್ಯಾಝೆಟಿಯರಿನ ಒಂದನೆಯ ಸಂಪುಟದ ಎರಡನೆಯ ಭಾಗದಲ್ಲಿ ಸೇರಿಸಿದರು. ಹೆಸರು ಒಂದೇ, ಕರ್ತೃವೂ ಒಬ್ಬನೇ; ಗ್ರಂಥಗಳು ಎರಡು. ವರ್ಷವನ್ನು ಹೇಳದೆ ಫ್ಲೀಟರು ಹೀಗೆನ್ನುತ್ತಾರೆಂದು ಬರೆದರೆ, ಅವರು ತಾವೇ ತಿದ್ದಿಕೊಂಡ ತಪ್ಪನ್ನು ಅವರ ತಲೆಯ ಮೇಲೆ ಮತ್ತೆ ಹೊರಿಸಿದಂತಾಗುವದು. ಇದಕ್ಕೆ ಬದಲಾಗಿ ಅಥಣಿಯ ನೆರೆಯ ತೇರದಾಳದ ಶಾಸನವನ್ನು ನೋಡಿರಿ. ಕೆ. ಬಿ. ಪಾಠಕರು ಅದನ್ನು 1885ರಲ್ಲಿ ಇಂಡಿಯನ್ ಆಂಟಿಕ್ವರಿಯ ಹದಿನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಸಂಪುಟದ ಸಂಖ್ಯೆಯು ಗೊತ್ತಿದ್ದುದರಿಂದ ಅಂದಿನಿಂದ ಇಂದಿನ ವರೆಗೆ ಯಾವ ಅಭ್ಯಾಸಿಯೂ ಆ ಪಾಠಕ್ಕಾಗಿ ದಾರಿ ತಪ್ಪಿಲ್ಲ.

ಉಲ್ಲೇಖದಲ್ಲಿ ಎರಡು ದೋಷಗಳು ವಿಶೇಷವಾಗಿ ವರ್ಜ್ಯ. ಒಂದು, ತಾನು ನೋಡದ ಗ್ರಂಥವನ್ನು ನೋಡಿದಂತೆ ನಟಿಸುವದು. ಒಬ್ಬನು ಪುಟಸಂಖ್ಯೆಯನ್ನು ತಪ್ಪಿ ಬರೆಯುತ್ತಾನೆ. ಎರಡನೆಯವನು ಮೂಲವನ್ನು ತೆರೆಯದೆ ಅದನ್ನೇ ಎತ್ತಿಕೊಳ್ಳುತ್ತಾನೆ. ಮೂರನೆಯವನಿಗೆ ಇಬ್ಬರು ಸಾಕ್ಷಿಗಳು ಸಿಕ್ಕಿದಂತಾಗಿ ತಪ್ಪೇ ಪ್ರಮಾಣವಾಗಿ ಕುಳಿತುಕೊಳ್ಳುತ್ತದೆ. ಅಂಧಪರಂಪರಾನ್ಯಾಯವೆಂದರೆ ಇದೇ. ಮೂಲವು ದೊರೆಯದಿದ್ದರೆ, ಇಂಥವರ ಗ್ರಂಥದಲ್ಲಿ ಉಲ್ಲೇಖಿತವಾದಂತೆ ಎಂದು ಹೇಳಲು ಸಂಕೋಚಪಡಬೇಕಾದುದಿಲ್ಲ. ಎರಡನೆಯ ದೋಷವು ಇದಕ್ಕಿಂತ ಹೀನವಾದುದು: ಅಪ್ರಕಟಿತ ಪ್ರಬಂಧದಿಂದ ಸಾರವನ್ನು ತೆಗೆದುಕೊಂಡು ಕರ್ತೃವಿನ ಹೆಸರನ್ನು ನುಂಗಿಬಿಡುವದು. ಅಚ್ಚಾದ ಗ್ರಂಥವನ್ನು ಕದ್ದರೆ ನಾಲ್ಕು ಜನ ಹಿಡಿಯುತ್ತಾರೆ. ಕಪಾಟಿನ ಪ್ರಬಂಧವನ್ನು ಕದ್ದರೆ ಹಿಡಿಯುವವರಿಲ್ಲ. ಆ ಪ್ರಬಂಧದ ಹಿಂದೆ ಐದಾರು ವರ್ಷಗಳ ಅಲೆದಾಟವೂ, ಮನೆಮಂದಿಯ ತೊಂದರೆಯೂ, ಹಳ್ಳಿಹಳ್ಳಿಗಳಲ್ಲಿ ಗುಡಿಯ ಪೂಜಾರಿ, ಮುದುಕ ಮುದುಕಿಯರು ನಂಬಿಕೆಯಿಂದ ಹೇಳಿದ ಮಾತುಗಳೂ ಇರುತ್ತವೆ. ಹೆಸರನ್ನು ಮರೆಸಿದವನು ಒಬ್ಬ ಕರ್ತೃವಿಗಷ್ಟೇ ಅಲ್ಲ, ಅವರೆಲ್ಲರಿಗೂ ದ್ರೋಹಮಾಡಿದವನಾಗುವನು.

ಈ ಪ್ರಶ್ನೆಯು ಪದವೀಧರರದು ಮಾತ್ರವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಂಶೋಧಕನು ಹಳ್ಳಿಗೆ ಬರುತ್ತಾನೆ, ಕೇಳುತ್ತಾನೆ, ಬರೆದುಕೊಳ್ಳುತ್ತಾನೆ, ಹೋಗುತ್ತಾನೆ. ಅವನು ಬರೆದುದೇನೆಂಬುದನ್ನು ಹೇಳಿದವರ ಮಕ್ಕಳು ಎಂದೂ ನೋಡುವದಿಲ್ಲ. ಹೇಳಿದವರು ತೀರಿಕೊಂಡ ಮೇಲೆ ಆ ಮಾತುಗಳು ಊರಿನಲ್ಲಿ ಇಲ್ಲವಾಗುತ್ತವೆ. ದೂರದ ಒಂದು ಕಪಾಟಿನಲ್ಲಿ ಮಾತ್ರ ಉಳಿಯುತ್ತವೆ. ಊರಿನ ನೆನಪು ಊರಿಗೆ ಮರಳಬೇಕಾದರೆ ಪ್ರತಿಯೊಂದು ತಾಲೂಕಿನ ವಾಚನಾಲಯದಲ್ಲಿ ಆಯಾ ಸೀಮೆಯನ್ನು ಕುರಿತ ಮಹಾಪ್ರಬಂಧಗಳ ಒಂದು ಪಟ್ಟಿಯಾದರೂ ಇರಬೇಕು. ಕರ್ತೃ, ಶೀರ್ಷಿಕೆ, ವಿಶ್ವವಿದ್ಯಾಲಯ, ವರ್ಷ, ಈ ನಾಲ್ಕು ಅಂಕಣಗಳ ಒಂದು ವಹಿಯನ್ನು ಇಡುವದಕ್ಕೆ ಸರಕಾರದ ಹಣವು ಬೇಕಾಗಿಲ್ಲ. ಶಾಲೆಯ ಮೇಲಿನ ತರಗತಿಯ ಇಬ್ಬರು ವಿದ್ಯಾರ್ಥಿಗಳೂ ಅವರನ್ನು ತಿದ್ದುವ ಒಬ್ಬ ಉಪಾಧ್ಯಾಯನೂ ಸಾಕು. ಸದಲಗೆಯಂಥ ಒಂದು ಊರಿನಿಂದ ಹೊರಟ ಹುಡುಗನು ಪ್ರಾಚ್ಯವಿದ್ಯಾ ಪರಿಷತ್ತಿನ ಅಧ್ಯಕ್ಷಪೀಠವನ್ನೇರಿದನು. ಹಿಂದಿನವರನ್ನು ಹೆಸರುಗೊಂಡು ಕರೆದು, ಅವರ ಮಾತನ್ನು ಕೇಳಿ, ಆಮೇಲೆ ತನ್ನ ಮಾತನ್ನು ಆಡಿದುದೇ ಅವರ ನಡೆ. ತೆಲಸಂಗದ, ಅಥಣಿಯ, ರಾಯಬಾಗದ, ಕಾಗವಾಡದ ಮಕ್ಕಳು ಅದನ್ನು ಕಲಿತರೆ ಋಷಿಋಣದ ಎರಡನೆಯ ಅರ್ಧವೂ ತೀರಿದಂತಾಗುವದು.